ಐಸಿನ ಲೆಕ್ಕ

ಸೊಹಾರಿನಿಂದ ಮಸ್ಕತ್ತಿಗೆ ಇನ್ನೂರು ಕಿಲೋಮೀಟರು.
ಹೊರಗೆ ನಲವತ್ತಾರು ಡಿಗ್ರಿ, ಡಬ್ಬಿಯೊಳಗೆ ನಾಲ್ಕು.
ನನ್ನ ಕೆಲಸ ಗಡಿಯಾರ ನೋಡಿ ಬರೆಯುವುದು:
ರಕ್ತ ನಿಂತದ್ದು ಎಷ್ಟಕ್ಕೆ, ಐಸಿಗಿಳಿದದ್ದು ಎಷ್ಟಕ್ಕೆ,
ಐಸಿನಿಂದೆದ್ದದ್ದು, ಹೊಲಿಗೆ ಮುಗಿದದ್ದು,
ಕೊನೆಯ ಕಾಲಮ್ಮಿನಲ್ಲಿ
ಮೊದಲ ಹನಿ ಮೂತ್ರ.

ಸಂದರ್ಶನದ ದಿನ ಡಾಕ್ಟರ್ ಜುವೈನಾ ಅಲ್ ಮಾಮರಿ
ಹಿಂದಿನ ಅನುಭವ ಏನೆಂದು ಕೇಳಿದರು.
ಬಿಕಾಂ, ಅಂದೆ.
ಅಮ್ಮ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು, ಎಂದೂ
ಯಾಕೋ ಬಾಯಿಗೆ ಬಂತು.
ಕಿವಿರು ಎತ್ತಿ ನೋಡಿದರೆ ಸಾಕು, ಹೇಳುತ್ತಿದ್ದಳು
ಈ ಬಂಗಡೆ ಐಸಿನಲ್ಲಿ ಮಲಗಿ ಎಷ್ಟು ಹೊತ್ತಾಯಿತೆಂದು.
ಡಾಕ್ಟರು ಪೆನ್ನು ಕೆಳಗಿಟ್ಟರು.
"ಹನ್ನೊಂದು ವರ್ಷದಿಂದ ನಾನು ಹುಡುಕುತ್ತಿರುವುದು
ಅದನ್ನೇ."

ಯಕೃತ್ತು ಅವಸರದ್ದು, ಬಸ್ಸು ತಪ್ಪೀತೆಂದು
ಚಪ್ಪಲಿ ಬಿಚ್ಚದೆ ಕೂತ ನೆಂಟ.
ಮೂತ್ರಪಿಂಡ ಒಂದು ರಾತ್ರಿ ತಾಳುತ್ತದೆ.
ತಾಳಿದ್ದು ಮರೆಯುವುದಿಲ್ಲ ಮಾತ್ರ.
ಹೊಸ ಮೈಯೊಳಗೆ ಹೊಲಿದ ಮೇಲೂ
ಮುಖ ತಿರುವಿ ಮಲಗುತ್ತದೆ, ಮೂರು ದಿನ, ಐದು ದಿನ.
ಏಳಲಿಲ್ಲವಾ ಇನ್ನೂ?
ಬೆಳಗಿನ ಸುತ್ತಿನಲ್ಲಿ ಅವರು ಕೇಳುವ ದನಿ
ಶಾಲೆಗೆ ಹೊತ್ತಾದ ಮನೆಯದು.

ಮಗುವಿಗೆ ತನ್ನ ಯಕೃತ್ತಿನ ತುಂಡು ಕೊಟ್ಟ
ಇಬ್ರಿಯ ತಾಯೊಬ್ಬಳು ಗಾಜಿನಾಚೆಯಿಂದ ಕರೆಯುತ್ತಿದ್ದಳು:
ಯಾ ಕಬ್ದಿ, ಯಾ ಕಬ್ದಿ.
ನನ್ನ ಯಕೃತ್ತೇ, ಎಂದು ಅರ್ಥವಂತೆ.
ನಮ್ಮಲ್ಲಿ ಕರುಳು, ಅಂದೆ. ಕರುಳ ಕುಡಿ.
ಡಾಕ್ಟರು ನಕ್ಕರು. "ಪಾಪ, ಮೂತ್ರಪಿಂಡವನ್ನು
ಯಾವ ಭಾಷೆಯೂ ಮುದ್ದು ಮಾಡಲಿಲ್ಲ."

ಸಾಲು ಇನ್ನೂರ ಹದಿನಾಲ್ಕು.
ಗಂಡು, ಮೂವತ್ತೊಂದು, ಅಟ್ಟಣಿಗೆಯಿಂದ ಬಿದ್ದದ್ದು.
ಹೆಸರಿಗೆ ಕಾಲಮ್ಮಿಲ್ಲ.
ಊರು ಸುರಪುರದ ಕಡೆ, ಹೆಂಡತಿಗೆ ಕನ್ನಡ ಬಿಟ್ಟು ಬೇರೆ ಬಾರದು,
ಅದಕ್ಕೇ ಗಡಿಯಾರದವನ ಕೈಗೆ ಫೋನು ಬಂತು.
ಮಿದುಳು ಸತ್ತಿದೆ, ಎದೆ ಯಂತ್ರದ ಮೇಲೆ ಏರಿಳಿಯುತ್ತಿದೆ:
ಇದನ್ನು ಹೇಳಲು ನನ್ನ ಕನ್ನಡದಲ್ಲಿ
ಸರಿಯಾದ ಮಾತು ಇರಲಿಲ್ಲ. ಎರಡು ಸಲ ಹೇಳಿದೆ.
ಅವಳು ಒಂದೇ ಸಲಕ್ಕೆ ತಿಳಿದುಕೊಂಡಿದ್ದಳು.
ತುಂಬ ಹೊತ್ತು ಫ್ಯಾನಿನ ಸದ್ದು, ಯಾರೋ ಕೆಮ್ಮಿದ್ದು.
ಆಮೇಲೆ, "ಆತ್ರಿ, ಕೊಡ್ರಿ. ಯಾರಿಗರ ಉಪಯೋಗ ಆಗ್ಲಿ."
ಇಡುವ ಮೊದಲು ಕೇಳಿದಳು,
"ಹೆಂಗ ಒಯ್ತೀರಿ?"
ಐಸಿನಾಗ, ಅಂದೆ.
"ಅಂವಗ ಥಂಡಿ ತಡಿಯಾಂಗಿಲ್ರಿ."

ಏನಂದಳು? ಡಾಕ್ಟರು ಕೇಳಿದರು.
ಒಪ್ಪಿದಳು, ಅಂದೆ.
ಇನ್ನೇನೋ ಅಂದಳಲ್ಲ.
ಹೇಳಿದೆ.
ಅವರು ಕೈತೊಳೆಯುವ ನಲ್ಲಿಯತ್ತ ನಡೆದರು.

ಆ ವರ್ಷದ ಲೇಖನಕ್ಕೆ ಲೆಕ್ಕ ಕೂಡಿಸಿದ್ದು ನಾನು.
ತಣ್ಣಗಿದ್ದ ಗಂಟೆಗಳದ್ದಷ್ಟೇ ಅಲ್ಲ ತಪ್ಪು,
ಐಸಿನಿಂದೆತ್ತಿ ಹೊಲಿಯುವ ನಿಮಿಷಗಳದ್ದೂ ಇತ್ತು.
ಅಂಗೈಯಲ್ಲಿ ಪಿಂಡ ಬೆಚ್ಚಗಾಗುತ್ತ ಹೋಗುವ,
ರಕ್ತ ಇನ್ನೂ ಬಾರದ ಆ ಹೊತ್ತು.
ಯಾರ ಕೈ ಎಷ್ಟು ನಿಧಾನ ಎಂದು ವಿಂಗಡಿಸಿದೆ.
ಎಲ್ಲರಿಗಿಂತ ನಿಧಾನ, ನಡುರಾತ್ರಿ ಕಳೆದ ಮೇಲೆ, ಅವರದೇ.
ಒಂದು ಸಲ ಕೂಡಿಸಿದೆ. ಮತ್ತೆ ಕೂಡಿಸಿದೆ.
ಮತ್ರಾದ ಕಡಲ ದಂಡೆಯಲ್ಲಿ ಒಂದು ಸುತ್ತು ಹಾಕಿ ಬಂದು ಮತ್ತೊಮ್ಮೆ.

ಹಾಳೆ ನೋಡಿ ಅವರು ಕೇಳಿದ್ದು,
"ದಶಮಾಂಶ ಸರಿಯಿದೆಯಾ?"
ಇದೆ.
"ಹಾಗಾದರೆ ಹಾಗೇ ಅಚ್ಚಾಗಲಿ."

ಈಗ ರಾತ್ರಿ ಎರಡಾದರೆ ಸೂಜಿ ಹಿಡಿಯುವುದು
ಕಿರಿಯ ಹುಡುಗ ನಬ್ಹಾನ್. ಅವರು ಪಕ್ಕದಲ್ಲಿ ನಿಂತು
ಪುಡಿಯೈಸು ಒತ್ತಿದ ಬಟ್ಟೆಯಿಂದ
ಹೊಲಿಗೆ ಮುಗಿಯುವವರೆಗೆ ಅದನ್ನು ತಂಪಾಗಿಡುತ್ತಾರೆ,
ಮೀನಿನ ಬುಟ್ಟಿಗೆ ಒದ್ದೆ ಗೋಣಿ ಹೊದಿಸುತ್ತಿದ್ದ ಹಾಗೆ.

ಇನ್ನೂರ ಹದಿನಾಲ್ಕರ ಕೊನೆಯ ಕಾಲಮ್ಮು
ನಾಲ್ಕು ದಿನ ಖಾಲಿ ಇತ್ತು.
ಐದನೆಯ ದಿನ ನಸುಕಿನ ಐದೂ ಹತ್ತಕ್ಕೆ
ನರ್ಸು ಓಡಿಬಂದಳು. ಬರೆದುಕೊಂಡೆ.
ಸುರಪುರದಲ್ಲಿ ಆಗ ಆರೂ ನಲವತ್ತು.
ಬಿಸಿಲೇರುವ ಹೊತ್ತು.